ರಾಣಿಬಾವಿಯ ನೀರು

ಆ ಹಳೆಯ ಊರಿನಲ್ಲಿ ಕತೆಗೇನು ಬರ! ವಾಲಿದ ಗೋಪುರಕ್ಕೊಂದು, ನಾಲಗೆಯಿಲ್ಲದ ಗಂಟೆಗೊಂದು, ಹನ್ನೊಂದು ಬಾಗಿಲಿದ್ದೂ ಒಂದೇ ಒಂದು ಕಿಟಕಿಯಿಲ್ಲದ ಮನೆಗೊಂದು. ಗೈಡು ಎಲ್ಲವನ್ನೂ ಕೈ ತಿರುಗಿಸಿ, ಕಣ್ಣರಳಿಸಿ ಹೇಳಿ ಮುಗಿಸಿದ. ಕೊನೆಗೆ, ಎಂದಿನಂತೆ, ಜನರನ್ನು ರಾಣಿಬಾವಿಯ ಕಟ್ಟೆಯ ಮುಂದೆ ನಿಲ್ಲಿಸಿದ.

"ಮೂರ್ಛೆರೋಗದ ರಾಣಿ ಔಷಧಿನೆಲ್ಲ ಇದರೊಳಗೆ ಸುರಿದು, ಬರೀ ಈ ನೀರು ಕುಡಿದ್ಲು. ಆಮೇಲೆ ಸಾಯೋವರೆಗೂ ಒಂದು ಸಲಾನೂ ಬೀಳಲಿಲ್ಲ! ಎಷ್ಟೋ ಜನಕ್ಕೆ ವಾಸಿಯಾಗಿದೆ ಸ್ವಾಮಿ!"

ಆ ರಾಣಿಯನ್ನು ಹುಟ್ಟಿಸಿದವನು ಅವನೇ. ಹನ್ನೆರಡು ವರ್ಷದ ಹಿಂದೆ ಪ್ರವಾಸಿಗರು ಆಕಳಿಸತೊಡಗಿದಾಗ ಬಾಯಿಗೆ ಬಂದದ್ದನ್ನು ಹೇಳಿದ್ದ. ಈಗ ಬಾವಿಗೆ ಫಲಕ ಬಂದಿದೆ. ಪಕ್ಕದಲ್ಲೇ ಅವನ ಭಾವಮೈದುನ ಆ ನೀರನ್ನು ಬಾಟಲಿಯಲ್ಲಿ ತುಂಬಿ ಮಾರುತ್ತಾನೆ. ಬಂದವರು ಬಾವಿಗೆ ಮಾತ್ರೆ ಎಸೆದು ಹೋಗುತ್ತಾರೆ. ಯಾರಿಗೇನು ನಷ್ಟ ಎಂದು ಇವನು ಆರಾಮಾಗಿದ್ದ.

ಅಷ್ಟರಲ್ಲಿ ಗುಂಪನ್ನು ಸರಿಸಿಕೊಂಡು ಒಬ್ಬಳು ಹೆಂಗಸು ಬಂದಳು. ಕೈ ಹಿಡಿದುಕೊಂಡು ಹತ್ತು ವರ್ಷದ ಮಗಳು. ಹುಡುಗಿಯ ಕಚ್ಚಿಕೊಂಡ ತುಟಿ ಊದಿಕೊಂಡಿತ್ತು.

"ಅಣ್ಣಾ, ಮೊನ್ನೆ ನೀನು ಹೇಳಿದ್ಮೇಲೆ ಮಾತ್ರೆ ಎಲ್ಲಾ ಬಾವಿಗೆ ಹಾಕಿಬಿಟ್ಟೆ. ನೀರು ಬಿಟ್ಟು ಬೇರೆ ಔಷಧಿ ಮುಟ್ಟಿಸಿಲ್ಲ. ಬೆಳಗಿಂದ ನಾಲ್ಕು ಸಲ ಬಿದ್ಲು. ನಾನೇನು ತಪ್ಪು ಮಾಡ್ದೆ ಹೇಳು? ಬಲಗೈಲೇ ಹಾಕಿದ್ನಲ್ಲ... ಎಡಗೈಲಿ ಹಾಕ್ಬೇಕಿತ್ತಾ?"

ಭಾವಮೈದುನ ಗೈಡಿನ ಕಿವಿಯ ಬಳಿ ಬಂದು, "ಭಾವ, ನಂಬಿಕೆ ಸಾಲ್ದು, ಇನ್ನೊಂದು ವಾರ ಕುಡಿಸಿ ಅಂತ ಹೇಳಿ ಸಾಗಹಾಕಿ. ನಾವೇನು ಯಾರನ್ನಾದ್ರೂ ಬಲವಂತ ಮಾಡಿದ್ವಾ? ನೀವು ಬಾಯಿ ಬಿಟ್ರೆ ಇಬ್ಬರ ಮನೆ ಒಲೆನೂ ಆರುತ್ತೆ" ಎಂದ.

ಹುಡುಗಿ ಅಲ್ಲೇ ಕಲ್ಲಿನ ಮೇಲೆ ಕುಸಿದಳು. ಕೈಕಾಲು ಸೆಟೆದು ಬಡಿದುಕೊಳ್ಳತೊಡಗಿದವು. ತಾಯಿ ಬಾಟಲಿಗೆ ಕೈಹಾಕಿದಳು.

"ಬೇಡ ಅಕ್ಕಾ, ಬಾಯಿಗೆ ಏನೂ ಹಾಕ್ಬೇಡಿ!" ಗೈಡು ಬಾಟಲಿ ಕಿತ್ತುಕೊಂಡ. "ಯಾವ ರಾಣಿನೂ ಇರಲಿಲ್ಲ. ನಾನೇ ಕಟ್ಟಿದ ಕತೆ."

"ಸುಳ್ಳು! ಎಷ್ಟೋ ಜನಕ್ಕೆ ವಾಸಿಯಾಯ್ತು ಅಂದ್ಯಲ್ಲ!"

"ವಾಸಿಯಾಯ್ತು ಅಂತ ಒಬ್ರೂ ವಾಪಸ್ ಬಂದಿಲ್ಲ ಅಕ್ಕಾ. ಬಂದಿದ್ದು ನೀವೊಬ್ರೇ."

ಅವಳು ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು. ಗುದ್ದಿಸಿಕೊಳ್ಳುತ್ತಲೇ ಅವನು ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿದ.

ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೂ ಸೆಳೆತ ನಿಲ್ಲಲಿಲ್ಲ. ಡಾಕ್ಟರಮ್ಮ ಎರಡನೆಯದನ್ನು ಚುಚ್ಚುತ್ತ ಸಿಡುಕಿದರು: "ದಿನಾ ನುಂಗೋ ಮಾತ್ರೆನ ಹೀಗೆ ದಿಢೀರಂತ ನಿಲ್ಲಿಸ್ತಾರಾ? ಯಾರು ಹೇಳಿದ್ದು ನಿಲ್ಲಿಸೋಕೆ?"

"ನಾನೇ ಡಾಕ್ಟ್ರೇ, ನಾನೇ ಪಾಪಿ," ಎಂದು ತಾಯಿ ಮಗಳ ಪಾದ ಹಿಡಿದುಕೊಂಡು ಅತ್ತಳು. ಗೈಡಿನ ಕಡೆ ತಿರುಗಿಯೂ ನೋಡಲಿಲ್ಲ.

ಬಾಗಿಲಲ್ಲಿದ್ದ ಅವನು ಮೆಲ್ಲಗೆ ಜಾರಿಕೊಳ್ಳಬಹುದಿತ್ತು. ಒಳಗೆ ಬಂದ.

"ಅವರಲ್ಲಮ್ಮ, ನಾನು. ಹನ್ನೆರಡು ವರ್ಷದಿಂದ ದಿನಾ ಹೇಳ್ತಿದ್ದೀನಿ. ನನ್ನ ಹೆಸರು ಬರ್ಕೊಳ್ಳಿ."