ಹೊರಗೆ ಕೂತವಳು

ಅಮ್ಮನ ಕೈಚೀಲದೊಳಗೆ ಫೋನು ಮತ್ತೆ ಬಡಿದುಕೊಳ್ಳತೊಡಗಿದಾಗ ಮಗಳು ಹೆಣದ ತಲೆಯ ಕೆಳಗಿನ ದಿಂಬು ಸರಿಪಡಿಸುತ್ತಿದ್ದಳು. ಸುದ್ದಿ ತಿಳಿಯದ ಯಾರೋ ಗಿರಾಕಿ ಇರಬೇಕೆಂದುಕೊಂಡು, ಅರ್ಧ ಹೊಲಿದಿಟ್ಟಿದ್ದ ಪ್ಯಾಂಟಿನಡಿಯಿಂದ ಅದನ್ನು ಹೆಕ್ಕಿ ತೆಗೆದಳು.

"ಟೈಲರಮ್ಮ ಅವರಾ? ಕ್ಲಿನಿಕ್ಕಿಂದ ಮಾತಾಡ್ತಿರೋದು."

"ನಾನು ಅವರ ಮಗಳು. ಅಮ್ಮ ನಿನ್ನೆ ಸಂಜೆ ತೀರಿಕೊಂಡ್ರು."

"ಅಯ್ಯೋ ಪಾಪ. ಹಾಗಾದ್ರೆ ಹೆಸರು ತೆಗೆದುಬಿಡ್ಲಾ?"

"ಬೇಡ! ಪೇಷೆಂಟು ಅವರಲ್ಲ, ನನ್ನ ತಮ್ಮ. ಅವನು ಇದಾನೆ."

"ಹನ್ನೊಂದಕ್ಕೆ ಬರಬೇಕಾದವರು ಬರ್ತಿಲ್ಲ. ನೀವು ಬರ್ತೀರಾ? ಇವತ್ತು ಬಿಟ್ರೆ ನಿಮ್ಮ ಸರದಿ ಮತ್ತೆ ಕೊನೆಗೆ ಹೋಗುತ್ತೆ. ನನ್ನ ಕೈಲಿ ಏನೂ ಇಲ್ಲ."

"ಬರ್ತೀವಿ" ಎಂದು ಬಾಯಿ ಹೇಳಿಬಿಟ್ಟಿತು. ಸ್ಮಶಾನದಲ್ಲಿ ಹನ್ನೊಂದೂವರೆಗೆ ಸಮಯ ಗೊತ್ತಾಗಿತ್ತು. ಎರಡು ವರ್ಷ ಉಸಿರೆತ್ತದ ಕ್ಲಿನಿಕ್ಕಿಗೆ ಬಾಯಿ ಬಿಡಲು ಇವತ್ತೇ ಬೇಕಿತ್ತೇ? ಅವಳಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ರೇಗಬೇಕೆಂದು ತಿಳಿಯದೆ ಫೋನನ್ನು ಚೀಲಕ್ಕೆ ತುರುಕಿದಳು.

"ತಲೆ ಕೆಟ್ಟಿದೆಯೇನೇ ನಿಂಗೆ?" ಎಂದ ಸೋದರಮಾವ, ವಿಷಯ ಕೇಳಿ. ಆಮೇಲೆ ಮೂಲೆಯಲ್ಲಿ ಕೂತಿದ್ದ ಅವಳ ತಮ್ಮನತ್ತ ನೋಡಿ ನಾಲಿಗೆ ಕಚ್ಚಿಕೊಂಡ. "ಹೆಣ ಮನೇಲಿಟ್ಕೊಂಡು ಯಾರಾದ್ರೂ ಡಾಕ್ಟ್ರ ಹತ್ರ ಹೋಗ್ತಾರಾ? ಇನ್ನೊಂದ್ಸಲ ಹೋದ್ರಾಯ್ತು."

"ಇನ್ನೊಂದ್ಸಲ ಅನ್ನೋದು ಇದ್ದಿದ್ರೆ ಅಮ್ಮ ಹಿಂಗೆ ಅಲೀತಿದ್ಲಾ ಮಾವ?"

*

ತಮ್ಮನಿಗೆ ಇಪ್ಪತ್ತು ದಾಟಿದ ಮೇಲೆ ದನಿಗಳು ಕೇಳತೊಡಗಿದ್ದವು. ಸ್ಕಿಝೋಫ್ರೇನಿಯಾ ಎಂದು ಹೇಳಿ ದೊಡ್ಡಾಸ್ಪತ್ರೆಯವರು ಮಾತ್ರೆ ಕೊಟ್ಟರು. ಮಾತ್ರೆಯಿಂದ ಅನುಕೂಲವೇ ಆಯಿತು. ದನಿಗಳು ತಗ್ಗಿದವು, ಆದರೆ ಹೋಗಲಿಲ್ಲ. ಅವುಗಳ ಜೊತೆ ಬಾಳುವುದು ಹೇಗೆಂದು ಕೂತು ಮಾತಾಡುವವರು ಬೇಕು, ಮಾತ್ರೆಯ ಜೊತೆಗೆ ಒಬ್ಬ ಥೆರಪಿಸ್ಟನ್ನೂ ಹುಡುಕಿ ಎಂದು ಅಲ್ಲಿನ ಡಾಕ್ಟರೇ ಹೇಳಿದ್ದರು. ಹುಡುಕಿ ಎನ್ನುವವರಿಗೇನು, ಬಾಯಿಮಾತು.

ಅಮ್ಮ ಹುಡುಕಿದಳು. ಒಬ್ಬರು ಗಂಡಹೆಂಡಿರ ಜಗಳ ಬಿಡಿಸುವವರು. ಇನ್ನೊಬ್ಬರು ಪರೀಕ್ಷೆಯ ಭಯ ಬಿಡಿಸುವುದಕ್ಕೆ ಹೆಸರಾದವರು. ರೋಗದ ಹೆಸರು ಕೇಳಿದ್ದೇ ತಡ, "ಅಂಥ ಕೇಸು ನಾವು ತಗೊಳ್ಳಲ್ಲಮ್ಮ" ಎಂದು ಬಾಗಿಲು ತೋರಿಸಿದರು. ಮತ್ತೊಬ್ಬ ಮಹಾನುಭಾವ, ಹುಡುಗನನ್ನು ಬೆಳಿಗ್ಗೆ ಬೇಗ ಎಬ್ಬಿಸಿ ಓಡಿಸಿ, ಎಲ್ಲಾ ಸರಿಹೋಗುತ್ತದೆ ಎಂದ. ಇವರೆಲ್ಲ ಸೇರಿ ಓಡಿಸಿದ್ದು ಅಮ್ಮನನ್ನು.

ಹೋದಲ್ಲೆಲ್ಲ ಅವಳು ಬಾಗಿಲೆದುರಿನ ಬೆಂಚಿನ ಮೇಲೆ ಕೂತು ಗಿರಾಕಿಗಳ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದಳು. ಬೀದಿಯ ಅರ್ಧ ಜನ ತೊಟ್ಟ ಪ್ಯಾಂಟುಗಳು ಕ್ಲಿನಿಕ್ಕಿನ ಬೆಂಚುಗಳ ಮೇಲೆಯೇ ಗಿಡ್ಡವಾದವು. ತಮ್ಮ ಗಳಿಗೆಗೊಮ್ಮೆ ಒಳಗಿನಿಂದ ಎದ್ದು ಬಂದು, ಅವಳಿದ್ದಾಳೋ ಇಲ್ಲವೋ ಎಂದು ಇಣುಕುತ್ತಿದ್ದ. ಅವಳು ಸೂಜಿ ಎತ್ತಿ ತೋರಿಸುತ್ತಿದ್ದಳು. ಅವನು ಒಳಗೆ ಹೋಗಿ ಕೂರುತ್ತಿದ್ದ.

"ಇದೂ ಒಂದು ಬದುಕೇನಮ್ಮ, ಬರೀ ಹೊರಗೆ ಕೂರೋದು?" ಎಂದು ಮಗಳು ಒಮ್ಮೆ ಹಂಗಿಸಿದ್ದಳು.

"ಒಳಗೆ ಕೂರೋನಿಗೆ ಇನ್ನೂ ಕಷ್ಟ ಕಣೇ" ಎಂದು ಅಮ್ಮ ದಾರ ಕಚ್ಚಿ ತುಂಡರಿಸಿದ್ದಳು.

ಕೊನೆಗೆ ಇಂಥ ರೋಗಿಗಳನ್ನೇ ನೋಡುವ ಥೆರಪಿಸ್ಟ್ ಒಬ್ಬಾಕೆ ಸಿಕ್ಕಳು. ಸಿಕ್ಕಳು ಎಂದರೆ, ಅವಳಿಗಾಗಿ ಕಾಯುವವರ ಸಾಲಿನ ಬಾಲ ಸಿಕ್ಕಿತು.

*

ಮಗಳು ಹೊಲಿಗೆ ಯಂತ್ರದ ಬಳಿ ತಮ್ಮನ ಪಕ್ಕ ಕೂತಳು.

"ಹೋಗೋಣ ಬಾರೋ."

"ನಾನೇ ಕೊಂದೆ ಅಂತಿದಾರೆ ಅಕ್ಕ" ಎಂದ ಅವನು, ಅವಳತ್ತ ನೋಡದೆ. "ಬೆಳಿಗ್ಗೆಯಿಂದ ಒಂದೇ ಸಮ."

"ಅಮ್ಮನಿಗೆ ಎದೆನೋವು ಬಂತು ಕಣೋ. ನೀನೇನು ಮಾಡಿದೆ?"

"ನಂಗೊತ್ತು. ಅವರು ಕೇಳ್ತಿಲ್ಲ."

ಇವತ್ತು ತಪ್ಪಿದರೆ ಈ ಮಾತನ್ನು ಇವನು ಇನ್ನೆಷ್ಟು ಕಾಲ ಒಬ್ಬನೇ ಕೇಳುತ್ತಾ ಕೂರಬೇಕೋ.

"ಇದನ್ನೇ ಆ ಮೇಡಂ ಹತ್ರ ಹೇಳು. ನಾನು ಹೊರಗೆ ಕೂತಿರ್ತೀನಿ."

"ನೀನಲ್ಲ. ಅಮ್ಮ ಹೊರಗೆ ಕೂತಿದ್ರೆ ಹೋಗ್ತೀನಿ."

ಮಾವ ಹಣೆ ಚಚ್ಚಿಕೊಂಡ. "ಕೇಳಿದ್ಯಾ? ಸತ್ತವಳು ಎದ್ದು ಬರಬೇಕಂತೆ!"

ಮಗಳು ಕಿಟಕಿಯಾಚೆ ನೋಡಿದಳು. ಶವದ ವ್ಯಾನು ಬಂದು ನಿಂತಿತ್ತು. ಡ್ರೈವರು ಗಾಜು ಒರೆಸುತ್ತಿದ್ದ.

"ಮಾವ, ಕ್ಲಿನಿಕ್ಕು ಸ್ಮಶಾನದ ದಾರೀಲೇ ಇದೆ" ಎಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನೋಡಿದವರು ಏನಂತಾರೆ?" ಎಂದು ತಡವರಿಸಿದ.

"ಅನ್ನಲಿ. ಅವರ್ಯಾರೂ ಒಂದು ದಿನಾನೂ ಅವಳ ಜೊತೆ ಆ ಬೆಂಚಲ್ಲಿ ಕೂತಿಲ್ಲ. ನೀವೂ ಕೂತಿಲ್ಲ, ನಾನೂ ಕೂತಿಲ್ಲ."

ಮಾವ ಗೊಣಗುತ್ತಲೇ ಸ್ಮಶಾನಕ್ಕೆ ಫೋನು ಮಾಡಿದ. ಒಂದು ಗಂಟೆಗೆ ಬನ್ನಿ, ಪರವಾಗಿಲ್ಲ ಎಂದರು ಅಲ್ಲಿಯವರು. ಸತ್ತವಳಿಗೆ ಸಮಯ ಬದಲಿಸಲು ಒಂದು ಫೋನು ಸಾಕಾಯಿತು.

ತಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡ.

*

ವ್ಯಾನು ಕ್ಲಿನಿಕ್ಕಿನ ಕಿಟಕಿಯೆದುರು ನಿಂತಿತು. ಹಿಂಬಾಗಿಲು ತೆರೆದಿಟ್ಟು ಮಗಳು ಅಮ್ಮನ ಪಕ್ಕದಲ್ಲೇ ಕೂತಳು. ಥೆರಪಿಸ್ಟ್ ಹೊರಗೆ ಬಂದು ವ್ಯಾನನ್ನೂ ತಮ್ಮನನ್ನೂ ಒಮ್ಮೆ ನೋಡಿದಳು.

"ಕುರ್ಚಿ ಕಿಟಕಿ ಹತ್ರಾನೇ ಹಾಕ್ಲಾ?" ಎಂದು ಅವನನ್ನು ಕೇಳಿದಳು. ಅವನು ತಲೆಯಾಡಿಸಿದ. ಇಬ್ಬರೂ ಒಳಹೋದ ಮೇಲೆ ಬಾಗಿಲು ಮುಚ್ಚಿತು.

ದಾರಿಹೋಕರು ನಿಂತು ನೋಡಿದರು. ಇಲ್ಲಿ ಯಾರು ಸತ್ತರೋ ಎಂದು ಒಬ್ಬ ಕೇಳಿಯೂ ಬಿಟ್ಟ. ಡ್ರೈವರು ಗಡಿಯಾರ ನೋಡಿಕೊಂಡು ಮಾವನ ಬಳಿ ಬಂದ. "ಇನ್ನೆಷ್ಟೊತ್ತು ಸಾರ್? ನಂಗೆ ಇನ್ನೊಂದು ಮನೆಗೆ ಹೋಗೋದಿದೆ."

"ಇರಪ್ಪಾ" ಎಂದ ಮಾವ. "ನಮ್ಮಕ್ಕ ಇದಕ್ಕಿಂತ ಜಾಸ್ತಿ ಕಾದಿದಾಳೆ."

ಮಗಳು ಅಮ್ಮನ ಚೀಲದಿಂದ ಅರ್ಧ ಹೊಲಿದ ಪ್ಯಾಂಟನ್ನು ತೆಗೆದಳು. ಸೂಜಿ ಅಂಚಿನಲ್ಲೇ ಚುಚ್ಚಿಕೊಂಡಿತ್ತು. ಅವಳಿಗೆ ಹೊಲಿಗೆ ಸರಿಯಾಗಿ ಬಾರದು. ಎರಡು ಹೊಲಿಗೆ ಹಾಕುವಷ್ಟರಲ್ಲಿ ಬೆರಳಿಗೆ ಚುಚ್ಚಿಕೊಂಡಳು.

ಕಿಟಕಿಯ ಪರದೆ ಸರಿಯಿತು. ತಮ್ಮನ ಮುಖ ಕಂಡಿತು. ಅವಳು ಸೂಜಿಯನ್ನು ಎತ್ತಿ ತೋರಿಸಿದಳು.

ಪರದೆ ಬಿತ್ತು. ಮತ್ತೆ ಇಣುಕಿಯಾನು ಎಂದು ಅವಳು ಸೂಜಿಯನ್ನು ಹಾಗೆಯೇ ಎತ್ತಿ ಹಿಡಿದು, ಕೈ ಸೋಲುವವರೆಗೂ ಕಾದಳು. ಪರದೆ ಅಲುಗಲಿಲ್ಲ.