ಬೆಂಚಿನ ಮೇಲಿನ ಪರೀಕ್ಷೆ

ಮಗಳ ಕಿವಿ ಪರೀಕ್ಷೆಗೆ ಆಸ್ಪತ್ರೆಯವರು ಊಟದ ಹೊತ್ತಿಗಿಂತ ಮುಂಚೆ ಬರಹೇಳಿದ್ದರು. ಇವತ್ತು ತಪ್ಪಿದರೆ ಮತ್ತೆ ಸರದಿ ಸಿಗುವುದು ಆರು ತಿಂಗಳಿಗೆ. ಅಷ್ಟರಲ್ಲಿ ಮಾತು ಕಲಿಯುವ ವಯಸ್ಸೇ ಕೈಜಾರುತ್ತದೆ ಎಂದು ನರ್ಸ್ ನನಗೆ ಒತ್ತಿ ಹೇಳಿದ್ದಳು. ನನ್ನ ಗಂಡ ಮಾತ್ರ ಹೊರಡುವ ಲಕ್ಷಣವೇ ಇಲ್ಲದೆ ಅಂಗಡಿಯಲ್ಲಿ ಸ್ಪೀಕರ್ ಬಿಚ್ಚುತ್ತ ಕೂತಿದ್ದರು.

ಇವರದು ಸ್ಪೀಕರ್ ರಿಪೇರಿ. ಊರಿನ ಸದ್ದೆಲ್ಲ ತಮ್ಮ ಮುಷ್ಟಿಯಲ್ಲಿದೆ ಎಂಬ ಠೇಂಕಾರ. ಹಿಡಿದ ಮೊಲಕ್ಕೆ ಮೂರೇ ಕಾಲು.

"ನನ್ನ ಮಗಳಿಗೆ ಕಿವಿ ಕೇಳಲ್ಲ ಅನ್ನೋಕೆ ಆ ನರ್ಸ್ ಯಾರು? ನೋಡು ಬಾ."

ಮಗಳನ್ನು ಮರದ ಬೆಂಚಿನ ಮೇಲೆ ಕೂರಿಸಿದರು. ಅವಳ ಕಣ್ಣಿಗೆ ಬೀಳದಿರಲೆಂದು ದೊಡ್ಡ ಸ್ಪೀಕರನ್ನು ಬೆನ್ನ ಹಿಂದೆ, ಅದೇ ಬೆಂಚಿನ ತುದಿಗೆ ಇಟ್ಟು ಬಾಸಿನ ದಪ್ಪ ಸದ್ದು ಏರಿಸಿದರು. ಧಂ. ಮಗಳು ತಿರುಗಿ ನಕ್ಕಳು. ಇನ್ನೊಮ್ಮೆ ಧಂ. ಮತ್ತೆ ನಕ್ಕಳು.

"ಈಗೇನಂತೀಯ?"

ನನಗೂ ಬೇಕಿದ್ದದ್ದು ಅದೇ. ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. ಆಗ ಬೆಂಚಿನ ಮೇಲಿದ್ದ ತಟ್ಟೆಯ ಸ್ಕ್ರೂಗಳು ಧಂ ಎಂದಾಗಲೆಲ್ಲ ಕುಣಿಯುವುದು ಕಂಡಿತು. ಸದ್ದೆಂದರೆ ನಡುಕ, ಅದು ಗಾಳಿಯಲ್ಲಿ ಬಂದು ಕಿವಿಯ ತಮಟೆಯನ್ನು ತಟ್ಟಬೇಕು, ಆಗಲೇ ಕೇಳುವುದು ಎಂದು ಮದುವೆಯಾದ ಹೊಸದರಲ್ಲಿ ನನಗೆ ಪಾಠ ಹೇಳಿದವರು ಇವರೇ. ಈ ನಡುಕ ಮಗಳು ಕೂತ ಹಲಗೆಯಲ್ಲೂ ಹಾದುಬರುತ್ತಿತ್ತು. ಸ್ಕ್ರೂಗಳಿಗೆ ಕಿವಿ ಎಲ್ಲಿದೆ?

ಕಂಡೂ ಕಾಣದಂತೆ ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಆಸೆಯಾಯಿತು. ಆದರೂ ಮಗಳನ್ನು ಎತ್ತಿಕೊಂಡು ಬೆಂಚಿನಿಂದ ದೂರ ನಿಂತೆ.

"ಈಗ ಹಾಕಿ."

"ಯಾಕೆ?"

"ಹಾಕಿ ಅಂದ್ನಲ್ಲ. ಬಾಸ್ ಬೇಡ, ಕೀಚಲು ಸದ್ದು ಹಾಕಿ."

ಅವರು ನನ್ನ ಮುಖ ನೋಡಿದರು, ಸ್ಕ್ರೂ ತಟ್ಟೆ ನೋಡಿದರು. ಬಿಡಿಸಿ ಹೇಳಬೇಕಾಗಿರಲಿಲ್ಲ, ಅವರ ಕಸುಬೇ ಅದು. ಬಾಸ್ ಪೂರ್ತಿ ಇಳಿಸಿ ವಾಲ್ಯೂಮ್ ತಿರುಗಿಸಿದರು. ಸ್ಪೀಕರ್ ಕೀ ಎಂದಿತು. ಮಗಳು ನನ್ನ ಅಂಗಿಯ ಗುಂಡಿ ಚೀಪುತ್ತಿದ್ದಳು. ಇನ್ನಷ್ಟು ಏರಿಸಿದರು. ನನ್ನ ಹಲ್ಲು ಜುಮ್ಮೆಂದವು. ಪಕ್ಕದಂಗಡಿಯ ದರ್ಜಿ ಗೋಡೆ ಗುದ್ದಿ, "ಏನಯ್ಯಾ, ಬೀದಿಯೋರ ಕಿವಿಯೆಲ್ಲ ತೂತು ಮಾಡ್ತೀಯಾ?" ಎಂದು ಬೈದ. ಮಗಳು ಆಕಳಿಸಿ, ನನ್ನ ಭುಜಕ್ಕೆ ತಲೆಯಿಟ್ಟು, ಆ ಗದ್ದಲದಲ್ಲೇ ನಿದ್ದೆ ಹೋದಳು.

ಇವರು ಸ್ವಿಚ್ ಆರಿಸಿದರು. ಅಷ್ಟು ಹೊತ್ತು ಅವರ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ, ಪಾಪ ಎನಿಸಿತು.

"ಇನ್ನೂ ಹೊತ್ತಿದೆಯಾ?"

"ಇದೆ. ಹೊರಡಿ."

ನಾನು ಬೀದಿಗಿಳಿದೆ. ಅವರು ಹಿಂದೆಯೇ ಬಂದು ಅಂಗಡಿಯ ಶಟರ್ ಹಿಡಿದರು. ಮಲಗಿದ ಮಗು ಎದ್ದುಬಿಟ್ಟೀತೆಂದು, ದಿನವೂ ಮಾಡುವ ಹಾಗೆ, ಎರಡೂ ಕೈಯಲ್ಲಿ ತಡೆದು ತಡೆದು ಮೆಲ್ಲಗೆ ಇಳಿಸತೊಡಗಿದರು. ಜೋರಾಗಿಯೇ ಎಳೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.