ಮಾತಿದೆ, ಮುಖವಿಲ್ಲ

"ಮಾತು ಬರ್ತಿದೆ ಭಾವ, ಮುಖ ಬರ್ತಿಲ್ಲ," ಎಂದಳು ನಾದಿನಿ.

ಟಿವಿಯ ಬೆನ್ನ ಹಿಂದೆ ಮಂಡಿಯೂರಿದ್ದ ಅವಳ ಭಾವ, ಕಸುಬಿನಲ್ಲಿ ಟಿವಿ ಮೆಕ್ಯಾನಿಕ್, ಮೂರು ಬಣ್ಣದ ಪಿನ್ನುಗಳನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಬೆಳಿಗ್ಗೆ ಹೆಂಡತಿಯನ್ನು ಸ್ಮಶಾನದಲ್ಲಿ ಬಿಟ್ಟು ಬಂದ ಮನುಷ್ಯ ಮಧ್ಯಾಹ್ನಕ್ಕೆ ಟಿವಿ ಹಿಡಿದು ಕೂತಿದ್ದನ್ನು ಕಂಡು ಪಕ್ಕದ ಮನೆಯ ದಂಪತಿ ಮುಖ ಮುಖ ನೋಡಿಕೊಂಡರು. "ಪಾಪ, ತಲೆ ಕೆಟ್ಟಿರಬೇಕು," ಎಂದು ಆಕೆ ಪಿಸುಗುಟ್ಟಿದ್ದು ಅವನಿಗೂ ಕೇಳಿಸಿತು. ಕೇಳಿಸಿದರೆ ಕೇಳಿಸಲಿ. ಪರದೆ ಕಪ್ಪಗಿತ್ತು. ಅದರೊಳಗಿಂದ ನೆಂಟರ ಗದ್ದಲ, ಕುರ್ಚಿ ಎಳೆಯುವ ಸದ್ದು, ಅವುಗಳ ನಡುವೆ ಹೆಂಡತಿಯ ದನಿ: "ಬನ್ನಿ, ಒಳಗೆ ಬನ್ನಿ, ಬಾಗಿಲಲ್ಲೇ ಯಾಕೆ ನಿಂತ್ರಿ?"

ನಾದಿನಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

ಅವಳ ರೈಲು ತಡವಾಗಿತ್ತು. "ಅಕ್ಕನ ಮುಖ ನೋಡ್ಬೇಕು, ಕಾಯಿರಿ," ಎಂದು ದಾರಿಯುದ್ದಕ್ಕೂ ಫೋನು ಮಾಡುತ್ತಲೇ ಇದ್ದಳು. ಇನ್ನು ಇಟ್ಟುಕೊಳ್ಳುವ ಹಾಗಿಲ್ಲ, ಬಿಸಿಲೇರುತ್ತಿದೆ ಎಂದು ಜೊತೆಯವರು ಅವಸರ ಮಾಡಿದಾಗ ಹೂಂ ಎಂದು ತಲೆಯಾಡಿಸಿದವನು ಮೆಕ್ಯಾನಿಕ್ಕೇ. ಅವಳು ಓಡೋಡಿ ಬಂದಾಗ ಮನೆಯಲ್ಲಿ ಖಾಲಿ ಮಂಚವಿತ್ತು.

"ನಿಮ್ಮನ್ನ ಬೈಯ್ಯಲ್ಲ ಭಾವ," ಎಂದಿದ್ದಳು. "ಆದ್ರೆ ಇನ್ನೊಂಚೂರು ಕಾಯಬಹುದಿತ್ತು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಾಯಬಹುದಿತ್ತು, ನಿಜ.

ಮಗಳು ಚಿಕ್ಕಮ್ಮನಿಗೆ ಫೋನಿನಲ್ಲಿದ್ದ, ಆಸ್ಪತ್ರೆಯಲ್ಲಿ ತೆಗೆದ ಅಮ್ಮನ ಫೋಟೋ ತೋರಿಸಲು ಹೋದಳು. ಅವಳು ಮುಖ ತಿರುಗಿಸಿದಳು. ಹಳೆಯ ಆಲ್ಬಮ್ ತೆಗೆದರೆ ಅದರಲ್ಲೂ ಸಮಾಧಾನವಿಲ್ಲ. ಕ್ಯಾಮೆರಾ ಕಂಡರೆ ಅಕ್ಕ ಉಸಿರು ಬಿಗಿಹಿಡಿದು ಸೆಟೆದು ನಿಲ್ಲುವವಳು. "ಇದು ಅಕ್ಕ ಅಲ್ಲ ಕಣೇ, ಅಕ್ಕನ ಬಟ್ಟೆ ಹಾಕ್ಕೊಂಡಿರೋ ಕಂಬ. ನಂಗೆ ಅವಳು ಓಡಾಡೋದು ನೋಡ್ಬೇಕು." ಆಗ ಮಗಳಿಗೆ ನೆನಪಾದದ್ದು, ತನ್ನ ಮದುವೆಯ ಹಿಂದಿನ ದಿನ ಇದೇ ಮನೆಯಲ್ಲಿ ಯಾರೋ ತೆಗೆದಿದ್ದ ವಿಡಿಯೋದ ಡಿವಿಡಿ.

*

ಮಗಳು ಚಿಕ್ಕವಳಾಗಿದ್ದಾಗ ಇದೇ ಮೂಲೆಯಲ್ಲಿ ಪೆಟ್ಟಿಗೆಯಂಥ ದೊಡ್ಡ ಟಿವಿ ಇತ್ತು. ಗಿರಾಕಿಯೊಬ್ಬರ ಟಿವಿಗೆ ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸುವ ಪುಟ್ಟ ಬೋರ್ಡು ಬೇಕಾಯಿತು. ಪೇಟೆಯಲ್ಲೆಲ್ಲೂ ಇಲ್ಲ. ಮೆಕ್ಯಾನಿಕ್ ಸೀದಾ ಮನೆಗೆ ಬಂದವನೇ ತನ್ನ ಟಿವಿಯದ್ದನ್ನೇ ಕಿತ್ತುಕೊಂಡು ಹೋದ. "ಎರಡೇ ದಿನ," ಎಂದ. ತಿಂಗಳಾಯಿತು. ಮಾತು ಮಾತ್ರ ಬರುತ್ತಿತ್ತು.

"ಊರವರ ಟಿವಿಗೆಲ್ಲ ಮುಖ ಕೊಡ್ತೀರಿ, ನಮ್ಮ ಟಿವಿಗೆ ಮಾತ್ರ ಮುಸುಕು," ಎಂದು ಹೆಂಡತಿ ಗೊಣಗಿದಳು. ಆಮೇಲೆ ಗೊಣಗುವುದನ್ನೂ ಬಿಟ್ಟಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಪ್ಪು ಪರದೆಯ ಎದುರು ಕೂತು, ಧಾರಾವಾಹಿಯ ಮಾತು ಕೇಳುತ್ತ ತಾನೇ ಕಥೆ ಕಟ್ಟತೊಡಗಿದಳು. "ನೋಡು, ಅತ್ತೆ ಬಂದ್ಲು. ಸಿಟ್ಟು ಮೂಗಿನ ತುದೀಲೇ ಇದೆ. ಅಗೋ, ಹೀರೋ ಮೆಟ್ಟಿಲು ಇಳೀತಿದಾನೆ, ಎಷ್ಟು ಚೆಂದದ ಗುಂಗುರು ಕೂದಲು!" ಪಕ್ಕದ ಮನೆಯಾಕೆ ಸ್ವಂತ ಟಿವಿ ಆರಿಸಿ ಇಲ್ಲಿಗೆ ಬಂದು ಕೂರುವ ಮಟ್ಟಿಗೆ ಹೋಯಿತು ವಿಷಯ.

ಕೊನೆಗೊಂದು ಸಂಜೆ ಅವನು ಬೋರ್ಡು ತಂದು ಹಾಕಿದ. ಚಿತ್ರ ಬಂತು. ಬೋಳುತಲೆಯ ಹೀರೋ ಹೊಟ್ಟೆ ನೇವರಿಸಿಕೊಳ್ಳುತ್ತ ಮೆಟ್ಟಿಲಿಳಿದ. ಪಕ್ಕದ ಮನೆಯಾಕೆ ಅಯ್ಯೋ ಎಂದಳು. "ಇವನು ಬೇಡ, ಅಮ್ಮನ ಹೀರೋ ಬೇಕು," ಎಂದು ಮಗಳು ಅತ್ತೇಬಿಟ್ಟಳು. "ಕಿತ್ತುಬಿಡ್ರೀ ಅದನ್ನ," ಎಂದು ಹೆಂಡತಿ ನಗುತ್ತ ಆಜ್ಞೆ ಮಾಡಿದಳು. ಅವನೂ ಸ್ಕ್ರೂಡ್ರೈವರ್ ಕೈಯಲ್ಲೇ ಹಿಡಿದು ಗೋಡೆಗೊರಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಎಂಥ ಸಂಜೆಗಳು ಅವು.

*

"ಚಾನೆಲ್ ಬದಲಾಯ್ಸು," ಎಂದು ಮೆಕ್ಯಾನಿಕ್ ಮಗಳಿಗೆ ಹೇಳಿದ. ಎಲ್ಲ ಚಾನೆಲ್ಲೂ ಕಪ್ಪು. "ಸೌಂಡ್ ಜಾಸ್ತಿ ಮಾಡು." ಸದ್ದು ಏರಿತು, ಅದರ ಗೆರೆ ಪರದೆಯ ಮೇಲೆ ಮೂಡಲಿಲ್ಲ. ಹಾಗಾದರೆ ತಪ್ಪು ಡಿಸ್ಕಿನದ್ದೂ ಅಲ್ಲ, ವೈರಿನದ್ದೂ ಅಲ್ಲ.

"ಮತ್ತೆ ಡಿವಿಡಿಗೆ ಹಾಕು. ಕಿಟಕಿ ಪರದೆ ಎಳೆದು ಆ ಟಾರ್ಚು ತಾ."

ಕತ್ತಲಾದ ಕೋಣೆಯಲ್ಲಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದ. ತಟ್ಟೆಯಗಲದ ಬೆಳಕಿನಲ್ಲಿ ಯಾರದೋ ಭುಜ, ಕುರ್ಚಿಯ ಕೈ, ಮಸುಕು ಮಸುಕಾಗಿ ಕಂಡವು.

"ಚಿತ್ರ ಇದೆ. ಅದಕ್ಕೆ ಹಿಂದಿಂದ ಬೆಳಕು ಕೊಡೋ ದೀಪ ಸುಟ್ಟುಹೋಗಿದೆ."

"ಈಗ ಸರಿಯಾಗುತ್ತಾ?" ನಾದಿನಿ ಕೇಳಿದಳು.

"ದೀಪದ ಪಟ್ಟಿ ತರಿಸ್ಬೇಕು. ನಾಳೆ ನಾಡಿದ್ದು ಆಗುತ್ತೆ."

"ನಂಗೆ ಸಂಜೆ ಬಸ್ಸು ಭಾವ. ನಮ್ಮನೆಯವರು ಹಾಸಿಗೆ ಹಿಡಿದಿದಾರೆ, ನೋಡ್ಕೊಳ್ಳೋರಿಲ್ಲ."

"ನಮ್ಮ ಮನೇಲಿ ಹಾಕೋಣ ಬನ್ನಿ," ಎಂದರು ಪಕ್ಕದ ಮನೆಯವರು.

"ನಿಮ್ಮದು ಹೊಸದು, ಈ ಪಿನ್ನು ಹೋಗಲ್ಲ." ಮೆಕ್ಯಾನಿಕ್ ನಾದಿನಿಗೆ ನೆಲದ ಮೇಲೆ ಜಾಗ ತೋರಿಸಿದ. "ಬಾ ಪುಟ್ಟಿ, ಇಲ್ಲಿ ಹತ್ರ ಕೂತ್ಕೋ. ಹೀಗೇ ಹುಡುಕೋಣ."

ಹುಡುಕಾಟವೇನೋ ಶುರುವಾಯಿತು. ಬೆಳಕಿನಲ್ಲಿ ಯಾರದೋ ಕಿವಿ ಬಂತು, ಗೋಡೆ ಗಡಿಯಾರ ಬಂತು, ಆಕಳಿಸುವ ಮುದುಕರೊಬ್ಬರು ಬಂದರು. ಹೆಂಡತಿಯ ಮಾತು ಕೇಳಿ ಟಾರ್ಚು ತಿರುಗಿಸುವಷ್ಟರಲ್ಲಿ ಅವಳು ಅಲ್ಲಿರುತ್ತಿರಲಿಲ್ಲ. ಕಾಲು ನಿಲ್ಲದ ಹೆಂಗಸು. ಒಮ್ಮೆ ಬೆನ್ನು ಕಂಡಿತು, ಹಾಗೇ ಸರಿದುಹೋಯಿತು.

"ಇನ್ನೇನು ಮುಗೀತಾ ಬಂತಪ್ಪ," ಎಂದಳು ಮಗಳು ಮೆಲ್ಲಗೆ. ಮತ್ತೆ ಮೊದಲಿನಿಂದ ಹಾಕಿದರೆ ಈ ಹಳೇ ಡಿಸ್ಕು ಓಡುತ್ತದೆಂಬ ನಂಬಿಕೆ ಅಲ್ಲಿ ಯಾರಿಗೂ ಇರಲಿಲ್ಲ. ಆಗಲೇ ಒಂದೆರಡು ಕಡೆ ಅದು ತಡವರಿಸಿತ್ತು.

"ಬಿಡಿ ಭಾವ," ನಾದಿನಿಯ ದನಿ ಒಡೆಯಿತು. "ನಂಗೆ ಅದೃಷ್ಟ ಇಲ್ಲ."

ಅವನು ಪರದೆ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿ ಕೇಳತೊಡಗಿದ. ನಗು, ಕೆಮ್ಮು, ಮಗುವಿನ ರಂಪ. ಅವೆಲ್ಲದರ ಹಿಂದೆ ಒಂದು ಸಣ್ಣ ಸದ್ದು: ತಟ್ಟೆಯ ಮೇಲೆ ಕಿಕ್ಕಿರಿದ ನೀರಿನ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಎರಡು ಸಲ ಓಡಾಡುವ ಬದಲು ಒಂದೇ ಸಲಕ್ಕೆ ಹೊತ್ತು ತರುವವಳು ಈ ಮನೆಯಲ್ಲಿ ಒಬ್ಬಳೇ. ಬೀಳುತ್ತೆ ಕಣೇ ಎಂದು ಅವನು ಹೇಳಿ ಹೇಳಿ ಸೋತಿದ್ದ.

ಕಣ್ಣು ತೆರೆದು ಟಾರ್ಚನ್ನು ನೆಂಟರ ಮೇಲಿಂದ ತೆಗೆದು ಪರದೆಯ ಬಲತುದಿಗೆ, ಅಡುಗೆಮನೆಯ ಬಾಗಿಲಿಗೆ ಹಿಡಿದ.

"ಅಲ್ಲಿ ಯಾರೂ ಇಲ್ವಲ್ಲ ಭಾವ."

"ಇರು. ಬರ್ತಾಳೆ."

ಬೆಳಕಿನಲ್ಲಿ ಖಾಲಿ ಬಾಗಿಲು. ಲೋಟಗಳ ಸದ್ದು ಹತ್ತಿರವಾಯಿತು. ಮೊದಲು ತಟ್ಟೆಯ ಅಂಚು ಬಂತು, ಅದರ ಹಿಂದೆ ಅದನ್ನು ಹಿಡಿದ ಎರಡು ಕೈ. ಟಾರ್ಚು ನಿಧಾನವಾಗಿ ಮೇಲೇರಿತು. ಒಳಗಿದ್ದ ಯಾರಿಗೋ ಏನೋ ಹೇಳುತ್ತಿದ್ದವಳು ಮಾತು ಮುಗಿಸಿ, ನಗುತ್ತಲೇ ಈ ಕಡೆ ತಿರುಗಿದಳು.